ಮೂರು, ಎರಡು

ಶನಿವಾರ ರಾತ್ರಿ ರಾಬರ್ಟ್‌ಸನ್‌ಪೇಟೆಯ ಸ್ವರ್ಣಾಂಬ ಬಾರಿನಲ್ಲಿ
ನನಗೆ ಎರಡು ಕೆಲಸ:
ಟೇಬಲ್ಲಿಗೆ ಬಾಟ್ಲಿ ತರುವುದು,
ಟೇಬಲ್ಲಿನಿಂದ ಚೀಟಿ ಒಯ್ಯುವುದು.

ಚೀಟಿ ಅಂದರೆ ಹಾಡು.
ಸಿಗರೇಟು ಪ್ಯಾಕಿನ ಒಳಹಾಳೆ, ಹಳೇ ಬಿಲ್ಲಿನ ಬೆನ್ನು,
ಒಮ್ಮೆ ಯಾರದೋ ಲಗ್ನಪತ್ರಿಕೆಯ ಮೂಲೆ.
ತಮಿಳಲ್ಲೊಂದು, ತೆಲುಗಲ್ಲೊಂದು,
ಕಾಗುಣಿತ ಜಾರಿದ ಕನ್ನಡದಲ್ಲೊಂದು,
ಬರೀ ‘ಪ್ಲೀಸ್’ ಅಂತ ಬರೆದು ಹಾಡು ಮರೆತದ್ದೊಂದು.
ಉಪ್ಪಿನಕಾಯಿ ಎಣ್ಣೆ ಮಾತ್ರ
ಎಲ್ಲ ಭಾಷೆಗೂ ಒಂದೇ ಸಮ ಹತ್ತುತ್ತದೆ.

ಮೂಲೆಯಲ್ಲಿ ವೇದಿಕೆ, ಎರಡು ಮಂಚದಷ್ಟಗಲ.
ಆರೋಗ್ಯದಾಸನ ಕೀಬೋರ್ಡು ಬೆಳಗಾದರೆ ಚರ್ಚಿಗೆ ಹೋಗಬೇಕು,
ಅದಕ್ಕೇ ಅದರ ಮೇಲೆ ಯಾರೂ ಗ್ಲಾಸಿಡುವಂತಿಲ್ಲ.
ಗೌಸ್ ಪೀರ್ ಹಗಲೆಲ್ಲ ಲಾರಿ ಸೀಟು ಹೊಲಿದು
ಸಂಜೆ ಅದೇ ಬೆರಳಲ್ಲಿ ಡ್ರಮ್ಮಿನ ಕೋಲು ಹಿಡಿಯುತ್ತಾನೆ.
ಕನಕವಲ್ಲಿ ಹಾಡುವ ಮೊದಲು ಬಿಸಿನೀರು ಕೇಳುತ್ತಾಳೆ;
ಓನರು ಅದಕ್ಕೂ ಬಿಲ್ಲು ಬರೆದು,
ಆಮೇಲೆ ನಾಚಿ, ಮುದುರಿ ಎಸೆಯುತ್ತಾರೆ.

ಏಳನೇ ಟೇಬಲ್ಲಿನ ಯೇಸುಪಾದಂ
ಕೊಟ್ಟ ಚೀಟಿಯಲ್ಲಿ ಹಾಡಿರಲಿಲ್ಲ.
ಮೂರು. ಅಡ್ಡಗೆರೆ. ಎರಡು.

ಮೊದಲ ವಾರ ನಾನು ಮೂರು ಆಮ್ಲೆಟ್ಟು, ಎರಡು ಸೋಡಾ ತಂದಿಟ್ಟೆ.
ತಿಂದರು, ಪಾಪ, ಮಾತಾಡದೆ.
ಮುಂದೆ ಅದೇ ರೂಢಿಯಾಯಿತು.
ಎರಡನೇ ವಾರ ಆರೋಗ್ಯದಾಸ
ಕೀಬೋರ್ಡಿನ ಮೂವತ್ತೆರಡನೇ ತಾಳ ಒತ್ತಿದ:
ಯಾವ ದೇಶದ್ದೋ ಕುಣಿತ, ಹಗ್ಗ ಕಿತ್ತ ಕರುವಿನ ಹಾಗೆ
ಬಾರಿನ ತುಂಬ ಓಡಾಡಿತು.
ಬಡ್ತಿ ಸಿಕ್ಕ ಕಂಡಕ್ಟರೊಬ್ಬ ಕುರ್ಚಿ ಹತ್ತಿ ಕುಣಿದ.
ಯೇಸುಪಾದಂ ತಲೆಯಾಡಿಸಿದರು. ಅದಲ್ಲ.
ಮೂರನೇ ವಾರ ಗೌಸ್ ಪೀರ್
ಲಾಟರಿ ನಂಬರಿರಬೇಕೆಂದು ಅಂಗೈಯಲ್ಲಿ ಬರೆದುಕೊಂಡ.

ನಾಲ್ಕನೇ ಶನಿವಾರ ಚೀಟಿ ಕನಕವಲ್ಲಿಯ ಕೈಗೇ ಹೋಯಿತು.
ಓದಿದಳು. ತಿರುಗಿಸಿ, ಖಾಲಿ ಬೆನ್ನನ್ನೂ ಓದಿದಳು.
ಲೋಟ ಕೆಳಗಿಟ್ಟು
ಬೆರಳಿನ ಉಂಗುರದಿಂದ ಮೈಕಿಗೆ ತಟ್ಟಿದಳು
ಠಣ್ ಠಣ್ ಠಣ್

ಠಣ್ ಠಣ್.

ಯೇಸುಪಾದಂ ಗ್ಲಾಸು ಪಕ್ಕಕ್ಕೆ ಸರಿಸಿದರು.
ಎಡಗೈ ಉಪ್ಪಿನ ಡಬ್ಬಿ ಹಿಡಿಯಿತು,
ಬಲಗೈ ಏನೂ ಇಲ್ಲದ್ದನ್ನು.
ನಿಧಾನ, ಬಲು ನಿಧಾನ, ತುಳುಕಬಾರದ್ದೇನೋ ತುಳುಕೀತೆಂಬಂತೆ
ಡಬ್ಬಿ ಮೇಜಿನ ಅಂಚಿನತ್ತ ಹೊರಟಿತು.

ಅವಳಪ್ಪ ಚಾಂಪಿಯನ್ ರೀಫ್ಸಿನಲ್ಲಿ ಇಳಿಯುತ್ತಿದ್ದನಂತೆ.
ಅಡುಗೆಮನೆ ಬಾಗಿಲಲ್ಲಿ, ಹಾಡಿಗೂ ಹಾಡಿಗೂ ನಡುವೆ ಹೇಳಿದಳು:
ಮೂರು ಅಂದರೆ ಕೇಜಿನಲ್ಲಿ ಮನುಷ್ಯರಿದ್ದಾರೆ, ಅದಿರಲ್ಲ.
ಎರಡು ಅಂದರೆ ಇಳಿಸು.
ಮೇಲೆ ಎಂಜಿನ್ ಮನೆಯಲ್ಲಿ ಕೂತವನಿಗೆ
ಬಾವಿಯೂ ಕಾಣದು, ಮುಖವೂ ಕಾಣದು,
ಗಂಟೆ ಕೇಳುತ್ತದೆ, ಅಷ್ಟೇ.
ಅಷ್ಟರಲ್ಲಿ ಕರೆ ಬಂತು, ಓಡಿದಳು.

ಹತ್ತು ಹಾಡಾಯಿತು, ಹನ್ನೊಂದಾಯಿತು.
ಕಂಡಕ್ಟರನನ್ನು ಆಟೋಗೆ ತುಂಬಿದೆವು.
ಆರೋಗ್ಯದಾಸ ಕೀಬೋರ್ಡಿಗೆ ದುಪ್ಪಟಿ ಹೊದಿಸಿದ.
ಸಾಲು ಸಾಲಾಗಿ ಲೈಟು ಆರಿದವು.
ಏಳನೇ ಟೇಬಲ್ಲಿನಲ್ಲಿ ಎರಡೂ ಕೈ ಹಾಗೇ.
ಸಾರ್, ಟೈಮಾಯ್ತು.
ಸಾರ್.
‘ಏರಿಬಿಟ್ಟಿದೆ, ಇನ್ನೊಂದು ಆಟೋ ಕರಿ’ ಅಂದರು ಓನರು.
ಏರಿದ್ದಲ್ಲ ಅಂತ ನನಗೆ ಅನ್ನಿಸಿತು,
ಅನ್ನಿಸಿದ್ದನ್ನು ಓನರಿಗೆ ಹೇಳುವ ಸಂಬಳ ನನ್ನದಲ್ಲ.

ಖಾಲಿ ಬಾಟ್ಲಿಗಳನ್ನು ಕ್ರೇಟಿಗೆ ಇಳಿಸುತ್ತಿದ್ದೆ.
ಓಪನರು ಕೈ ಜಾರಿ ಬಾಟ್ಲಿಯ ಕುತ್ತಿಗೆಗೆ ತಾಗಿತು.
ಠಣ್.

ಉಪ್ಪಿನ ಡಬ್ಬಿ ಬಿಟ್ಟರು.
ಎದ್ದರು, ಅಂಗಿ ಎಳೆದು ಸರಿಮಾಡಿಕೊಂಡರು,
ಕನ್ನಡಕ ಏರಿಸಿ ಬಿಲ್ಲು ನೋಡಿದರು.
‘ಈ ಆಮ್ಲೆಟ್ಟು ನಾನು ಯಾವತ್ತೂ ಕೇಳಿಲ್ಲವಲ್ಲಪ್ಪಾ’ ಅಂದರು.

ಒಂದು ಅಂದರೆ ಏನು ಅಂತ
ಕನಕವಲ್ಲಿಯನ್ನು ಕೇಳಬೇಕು.
ಬರುವ ಶನಿವಾರ, ಬಿಸಿನೀರು ಕೊಡುವಾಗ.